ಟೇಪಿನ ಅಂಚಿನಲ್ಲಿದ್ದ ದನಿ

ಅವರಿಬ್ಬರು ಅಂಗಡಿಗೆ ಬಂದಾಗ ನಾನು ಯಾರದೋ ಮದುವೆ ಕ್ಯಾಸೆಟ್ಟಿನ ಮೇಲೆ ಸಿಟ್ಟಾಗಿದ್ದೆ. ಟೇಪು ಯಂತ್ರದೊಳಗೆ ಸುತ್ತಿಕೊಂಡು ಕೂತಿತ್ತು. ಬಂಗಾರಪೇಟೆಯ ರೈಲ್ವೆ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಕಿರಿದಾದ ಅಂಗಡಿ ಇದೆ. ಹಳೆಯ ವಿಡಿಯೊ ಕ್ಯಾಸೆಟ್ಟುಗಳಲ್ಲಿರುವುದನ್ನು ಪೆನ್‌ಡ್ರೈವಿಗೆ ಇಳಿಸಿಕೊಡುವುದು ನನ್ನ ಕೆಲಸ. ಯಂತ್ರದ ಬಾಯೊಳಗೆ ಚಿಮಟ ಇಳಿಸಿ ಟೇಪು ಬಿಡಿಸುತ್ತಿದ್ದವಳು ತಲೆ ಎತ್ತದೆಯೇ, "ಈಗ ಆಗಲ್ಲ, ಆಮೇಲೆ ಬನ್ನಿ" ಎಂದೆ.

"ನೀನ್ ಕೆಲ್ಸ ಮಾಡ್ಕಮ್ಮ. ನಾವ್ ಕುಂತಿರ್ತೀವಿ" ಎಂದಿತು ಒಂದು ಹೆಂಗಸಿನ ದನಿ.

ಕುಂತೇ ಬಿಟ್ಟರು. ಟೇಪು ಬಿಡಿಸಿ ಮುಗಿದ ಮೇಲೆ ನೋಡಿದೆ. ಅರವತ್ತು ದಾಟಿದ ಹೆಂಗಸು, ಕಾಲ ಬಳಿ ತುಂಬಿದ ಎರಡು ಬಟ್ಟೆ ಚೀಲ. ಪಕ್ಕದಲ್ಲಿ ಎತ್ತರದ ಗಂಡಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊರಳಿಗೆ ಸುತ್ತಿದ ತೆಳುವಾದ ಟವೆಲ್ಲು. ಆತ ನನ್ನ ಯಂತ್ರಗಳನ್ನು ಒಂದೊಂದಾಗಿ ನೋಡುತ್ತ, ಹುಬ್ಬು ಕುಣಿಸುತ್ತ ಕೂತಿದ್ದರು. ಆ ಹುಬ್ಬನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು.

"ಇವ್ರು ಪಿಚ್ಚರ್‌ನಾಗೆ ಮಾಡ್ತಿದ್ರು" ಎಂದರು ಆಕೆ.

ಆಗ ಹೊಳೆಯಿತು. ಲಂಚ ತಿನ್ನುವ ಕಾನ್‌ಸ್ಟೇಬಲ್, ಮದುವೆ ನಿಂತುಹೋಗಿ ಚಪ್ಪರದ ಕೆಳಗೆ ಕುಸಿಯುವ ತಂದೆ, ಕಳ್ಳಪೂಜಾರಿ, ಕುಡುಕ ಮೇಷ್ಟ್ರು! ಕನ್ನಡದಲ್ಲಿ ಒಂದಷ್ಟು, ತಮಿಳಿನಲ್ಲಿ ಒಂದಷ್ಟು, ತೆಲುಗಿನಲ್ಲಿ ಒಂದೆರಡು. ಪೋಸ್ಟರಿನಲ್ಲಿ ಎಂದೂ ಬಾರದ, ಆದರೆ ತೆರೆಯ ಮೇಲೆ ಕಂಡ ಕೂಡಲೇ ಜನ "ಅಯ್ಯೋ ಇವನು ಬಂದ" ಎನ್ನುತ್ತಿದ್ದ ಮುಖ ಅದು. ಕೆಜಿಎಫ್‌ನ ಆಂಡರ್ಸನ್‌ಪೇಟೆಯವರು ಎಂದು ಆವತ್ತೇ ಗೊತ್ತಾದದ್ದು. ನಾನೂ ಕೆಜಿಎಫ್‌ನಲ್ಲೇ ಇದ್ದೇನೆ, ನಮ್ಮ ಯಜಮಾನರ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಇಷ್ಟು ಹತ್ತಿರವಿದ್ದೂ ಒಂದು ದಿನ ಎದುರಾಗಿರಲಿಲ್ಲ. ಖುಷಿಯಲ್ಲಿ ಎದ್ದು ನಮಸ್ಕಾರ ಮಾಡಿದೆ. ಅವರು ಕೈ ಮುಗಿದು ನಕ್ಕರು, ಆದರೆ ಮಾತಾಡಲಿಲ್ಲ.

"ಮಾತ್ ಬರಾಕಿಲ್ಲಮ್ಮ" ಎಂದರು ಆಕೆ, ಟವೆಲ್ಲಿನ ಕಡೆ ಕೈ ತೋರಿಸಿ. ಗಂಟಲಿನ ಕಾಯಿಲೆಗೆ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರಂತೆ. "ಬೋ ವರ್ಷ ಆಯ್ತು. ಆಗೆಲ್ಲ ನಮ್ಮನೇಲಿ ಈಗಿನಂಗೆ ಪೋನು ಎಲ್ಲಿತ್ತು? ಯಾವ್ದ್ರಾಗೂ ಇಡ್ಕೊಂಡಿಲ್ಲ. ಈಗ ನಂಗೆ ಆ ದನಿ ಮರ್ತೋಗ್ತಾ ಐತೆ ಕಣಮ್ಮ. ಮನ್ಸ ಪಕ್ದಾಗೇ ಅವ್ರೆ. ನಗ್ತಾರೆ, ಕೋಪ ಮಾಡ್ಕೊಂತಾರೆ. ದನಿ ಎಂಗಿತ್ತು ಅಂತ ಗ್ಯಾಪ್ಕ ಮಾಡ್ಕೊಂಡ್ರೆ ಬರಾಕಿಲ್ಲ. ಇದ್ರಾಗೆ ಯಾವ್ದೋ ಒಂದ್ರಾಗೆ ಐತೆ. ಉಡ್ಕಿ ಕೇಳುಸ್ಬುಡು."

'ಯಾವುದೋ ಒಂದರಲ್ಲಿ' ಎಂದದ್ದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲವೂ ಅವರದೇ ಸಿನಿಮಾ ಆದ ಮೇಲೆ ಎಲ್ಲದರಲ್ಲೂ ಅವರ ದನಿ ಇರಲೇಬೇಕಲ್ಲ. ಇದೇನು ಮಹಾ ಕೆಲಸ ಎಂದುಕೊಂಡು ಚೀಲ ಬಿಚ್ಚಿದೆ.

ಬಿಚ್ಚಿ ಒಂದೊಂದಾಗಿ ಮೇಜಿನ ಮೇಲಿಟ್ಟೆ. ಒಂದು ಕ್ಯಾಸೆಟ್ಟಿನ ಮೇಲೂ ಹೆಸರಿಲ್ಲ. ಲೇಬಲ್ಲು ಇರಬೇಕಾದ ಕಡೆ ಬೂದುಬಣ್ಣದ ಪದರ. ಒಳಗಿನ ಸುರುಳಿ ಕಾಣಲೆಂದು ಮೇಲುಗಡೆ ಇರುವ ಗಾಜಿನಂಥ ಕಿಟಕಿಯಲ್ಲೂ ಬಿಳಿಬಿಳಿ ಪುಡಿ. ಕಿಟಕಿ ಬಹಳಷ್ಟು ಕಡೆ ಬಿರುಕು ಬಿಟ್ಟು, ಪುಡಿ ಒಳಕ್ಕೂ ಇಳಿದಿತ್ತು. ಬೂಜು ಬಂದಿದೆ ಎಂದುಕೊಂಡೆ. ಬೂಜು ಹಿಡಿದ ಟೇಪನ್ನು ಹಾಗೇ ಯಂತ್ರಕ್ಕೆ ಹಾಕಿದರೆ ಯಂತ್ರವೂ ಕೆಡುತ್ತದೆ, ಅದಾದ ಮೇಲೆ ಹಾಕುವ ಟೇಪೂ ಕೆಡುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಂದರ ಐದು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ಬಿಳಿಯ ಕೆಳಗೆ ಹಳದಿ ಇತ್ತು, ಹಳದಿಯ ನಡುವೆ ಕೆಂಪು. ಇಷ್ಟು ವರ್ಷದಲ್ಲಿ ಈ ಬಣ್ಣದ ಬೂಜನ್ನು ನಾನು ನೋಡಿರಲಿಲ್ಲ. ಮೂಗಿನ ಬಟ್ಟೆ ಸರಿಸಿ ವಾಸನೆ ನೋಡಿದೆ. ದೇವರಮನೆಯ ವಾಸನೆ ಬಂತು.

"ಏನಮ್ಮಾ ಇದು?"

"ಆಯುಧ ಪೂಜೇಲಿ ಇಕ್ಕಿದ್ದು" ಎಂದರು ಆಕೆ, ಇದರಲ್ಲಿ ಕೇಳುವುದೇನಿದೆ ಎಂಬಂತೆ. "ಟೈಲ್ರು ಮಿಷನ್ಗೆ ಇಕ್ತಾನೆ, ಆಟೋದವ್ನು ಆಟೋಗೆ ಇಕ್ತಾನೆ. ಇವ್ರಿಗೆ ಇನ್ಯಾವ್ ಆಯುಧ ಐತೆ? ಇವೇ ತಾನೆ? ವರ್ಷಾ ವರ್ಷಾ ಕೆಳಗಿಳ್ಸಿ, ಒರೆಸಿ, ಈಬೂತಿ ಕಲ್ಸಿ ಬಳ್ದು, ಅರಿಸ್ನ ಕುಂಕ್ಮ ಇಕ್ಕಿ, ಊವು ಆಕ್ತೀನಿ. ಮಾತ್ ಓದ್ಮ್ಯಾಲೂ ಬುಟ್ಟಿಲ್ಲ."

ಕ್ಯಾಸೆಟ್ಟು ಕೆಡಿಸಿ ತರುವವರನ್ನು ಬೈಯದೆ ಕಳಿಸಿದವಳಲ್ಲ ನಾನು. ಅಟ್ಟದ ಮೇಲೆ ಇಟ್ಟು ಇಲಿಗೆ ಹಾಕಿದವರನ್ನೂ, ಮಕ್ಕಳ ಕೈಗೆ ಕೊಟ್ಟವರನ್ನೂ ನಿಲ್ಲಿಸಿ ಬೈದಿದ್ದೇನೆ. ಆವತ್ತು ಬಾಯಿ ಬರಲಿಲ್ಲ. ನನ್ನ ಸ್ಕ್ರೂಡ್ರೈವರುಗಳ ಮೇಲೂ ಹೋದ ವರ್ಷದ ಕುಂಕುಮ ಹಾಗೇ ಇತ್ತು. "ಬಿಡಿ, ನೋಡೋಣ" ಎಂದೆ.

ಕ್ರಮ ಇಷ್ಟೇ. ಹಳೆಯ ಪೆಟ್ಟಿಗೆ ಬಿಚ್ಚಿ ಎರಡು ಸುರುಳಿಗಳನ್ನೂ ಕೈಗೆ ಎತ್ತಿಕೊಳ್ಳುವುದು. ಮೃದುವಾದ ಒಣ ಬಟ್ಟೆಯ ನಡುವೆ ಟೇಪು ಹಾಯಿಸುತ್ತ, ಕೈಯಲ್ಲಿ ತಿರುಗಿಸುವ ರಾಟೆಯಲ್ಲಿ ನಿಧಾನವಾಗಿ ಒಂದರಿಂದ ಇನ್ನೊಂದಕ್ಕೆ ಸುತ್ತುವುದು. ಆಮೇಲೆ ಚೊಕ್ಕಟವಾದ ಬೇರೆ ಪೆಟ್ಟಿಗೆಯಲ್ಲಿ ಕೂರಿಸಿ ಸ್ಕ್ರೂ ಬಿಗಿಯುವುದು. ಟೇಪಿನ ಮೈಯನ್ನು ಚೆನ್ನಾಗಿ ಒರೆಸಿದೆ. ಮೇಲಿನ ಅಂಚಿಗೆ ಅರಿಸಿನ ಕಚ್ಚಿ ಒಣಗಿದ್ದು ಕಾಣುತ್ತಿತ್ತು. ಚಿತ್ರ ಇರುವುದು ಟೇಪಿನ ನಡುವೆ, ಅಂಚಿನ ಗೊಡವೆ ಯಾಕೆ ಎಂದು ಬಿಟ್ಟೆ.

ಕೆಲವು ತಯಾರಾದ ಮೇಲೆ ಹೇಳಿಕಳಿಸಿದೆ. ಇಬ್ಬರೂ ರೈಲಿನಲ್ಲಿ ಬಂದರು. ನನ್ನ ಹತ್ತಿರ ಇರುವುದರಲ್ಲೇ ಒಳ್ಳೆಯ ಯಂತ್ರಕ್ಕೆ ಕ್ಯಾಸೆಟ್ಟು ಹಾಕಿದೆ. ತೆರೆಯ ಮೇಲೆ ಕಾನ್‌ಸ್ಟೇಬಲ್ ಬಂದ. ಟೋಪಿ ಸರಿಮಾಡಿಕೊಂಡು, ತುಂಬಿದ ಕಂಚಿನ ಕಂಠದಲ್ಲಿ ಒಂದು ಡೈಲಾಗು ಹೊಡೆದ. ಅಕ್ಷರ ಅಕ್ಷರ ಬಿಡಿಸಿಟ್ಟ ಹಾಗೆ. ನಾನು ದಾವಣಗೆರೆ ಕಡೆಯವಳು, ಇಲ್ಲಿಯ ಕನ್ನಡಕ್ಕೆ ನನ್ನ ಕಿವಿ ಇನ್ನೂ ಪೂರ್ತಿ ಒಗ್ಗಿಲ್ಲ. ಖುಷಿಯಾಗಿ, "ಎಂಥಾ ಕಂಠ ಸಾರ್! ಎಷ್ಟು ಸ್ಪಷ್ಟ ಕನ್ನಡ ನಿಮ್ಮದು!" ಎಂದುಬಿಟ್ಟೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸದ್ದೇ ಇಲ್ಲದ ನಗೆ, ಭುಜ ಮಾತ್ರ ಕುಣಿಯುತ್ತಿತ್ತು. ಆಕೆ ನಗಲಿಲ್ಲ.

"ಅದು ಇವ್ರದಲ್ಲ" ಎಂದರು. "ಯಾರೋ ಬೆಂಗ್ಳೂರೋರು ಕೊಟ್ಟಿರೋದು."

ನಾಲಗೆ ಕಚ್ಚಿಕೊಂಡೆ. ವಿಷಯ ಆಮೇಲೆ ಒಂದೊಂದಾಗಿ ಬಂತು. ಹುಟ್ಟಿ ಬೆಳೆದದ್ದು ಚಿನ್ನದ ಗಣಿಯ ಕೂಲಿಗಳ ಲೈನುಮನೆಗಳಲ್ಲಿ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು. ಕನ್ನಡ ಸಿನಿಮಾದವರು ಇವರ ಮಾತಿನಲ್ಲಿ ತಮಿಳಿನ ವಾಸನೆ ಇದೆ ಎಂದು ಬೇರೆಯವರಿಂದ ಮಾತಾಡಿಸಿದರು. ಮದ್ರಾಸಿನವರು ಕನ್ನಡದ ವಾಸನೆ ಇದೆ ಎಂದು ಅದನ್ನೇ ಮಾಡಿದರು. ತೆಲುಗಿನವರು ಕೇಳುವ ಗೋಜಿಗೇ ಹೋಗಲಿಲ್ಲ. ಮುಖ ಇವರದು, ಕೈಕಾಲು ಇವರದು, ಕಣ್ಣೀರು ಇವರದು. ಬಾಯಿ ತೆರೆದರೆ ಮಾತ್ರ ಇನ್ಯಾರೋ ಮಾತಾಡುತ್ತಿದ್ದರು.

"ಮತ್ತೆ ಒಂದರಲ್ಲಿ ಇದೆ ಅಂದ್ರಲ್ಲ?"

ಆಕೆ ಗಂಡನ ಕಡೆ ನೋಡಿದರು. ಅವರು ಅಂಗಿಯ ಜೇಬಿನಿಂದ ಮಕ್ಕಳು ಬರೆಯುವಂಥ ಚಿಕ್ಕ ಸ್ಲೇಟು ತೆಗೆದು, 'ಜಮೀನ್ದಾರ' ಎಂದು ಬರೆದು ನನಗೆ ತೋರಿಸಿದರು. ಗಟ್ಟಿಯಾಗಿ ಓದಿದೆ.

"ನಮ್ಮತ್ತೆ ಆಗ ಗಣಿ ಬುಟ್ಟು ಬೂದಿಕೋಟೆ ತಾವ ಅಳ್ಳೀಲಿದ್ರು" ಎಂದು ಆಕೆ ಬಿಡಿಸಿ ಹೇಳಿದರು. "ಮಗ ಜಮೀನ್ದಾರ ಆಗವ್ನೆ ಅಂತ ಟೀವಿ, ಡೆಕ್ಕು ಬಾಡ್ಗೆಗೆ ತರ್ಸಿ ಮನೇಲೇ ಆಕಿ ತೋರ್ಸುದ್ವಿ. ಒಸಿ ಒತ್ತು ನೋಡುದ್ರು. 'ಮಖ ನಿಂದು, ಬಾಯಿ ಯಾರ್ದೋ. ನನ್ ಮಗನ್ ಬಾಯ್ನ ಏನ್ಲಾ ಮಾಡುದ್ರು?' ಅಂತ ಎದ್ದೋದ್ರು. ಇವ್ರಿಗೆ ಅದು ತಡ್ಯಕ್ಕಾಗ್ಲಿಲ್ಲ. ಆಂಡರ್ಸನ್‌ಪೇಟೇಲಿ ವಿಡಿಯೊ ಲೈಬ್ರರಿ ಇತ್ತಲ್ಲ, ಅಲ್ಲಿಗೋಗಿ ತಮ್ ಪಾಲಿನ ಮಾತೆಲ್ಲ ತಾವೇ ಆಡಿ ತುಂಬ್ಸ್ಕೊಂಡ್ ಬಂದ್ರು. ಆಮೇಲೆ ಅತ್ತೆ ಅದ್ನೇ ಆಕು ಆಕು ಅಂತ ಕೇಳೋರು."

ಹಾಗಾದರೆ ಜಮೀನ್ದಾರ ಸಿಗುವವರೆಗೆ ಎಲ್ಲವನ್ನೂ ಒರೆಸಬೇಕು. ಒರೆಸಿದೆ. ಪೂಜಾರಿ ಬಂದ, ಮೇಷ್ಟ್ರು ಬಂದ, ತಮಿಳಿನ ಗುಮಾಸ್ತ ಬಂದ, ಹೆಣ್ಣು ಕೊಟ್ಟು ಕೆಟ್ಟ ತಂದೆ ಮೂರು ಬೇರೆ ಬೇರೆ ಕಂಠದಲ್ಲಿ ಅತ್ತ. ಬೇರೆ ಕೆಲಸ ಬದಿಗಿಟ್ಟು ಇದನ್ನೇ ಹಿಡಿದು ಕೂತೆ. ಹೊತ್ತು ಹೋಗುತ್ತ ಹೋಗುತ್ತ ನನಗೊಂದು ಅಭ್ಯಾಸವಾಯಿತು. ದನಿಯನ್ನು ಪೂರ್ತಿ ತಗ್ಗಿಸಿ ಬರೀ ಅವರ ಮುಖ ನೋಡುವುದು. ಮಾತಿಲ್ಲದೆ ನೋಡಿದರೆ ಆ ಮನುಷ್ಯ ಎಷ್ಟು ದೊಡ್ಡ ನಟ ಎಂದು ಗೊತ್ತಾಗುತ್ತಿತ್ತು. ಪೂಜಾರಿಯಾದಾಗ ನಡೆಯುವ ರೀತಿಯೇ ಬೇರೆ, ಗುಮಾಸ್ತನಾದಾಗ ಬೆರಳು ಮಡಿಸುವ ರೀತಿಯೇ ಬೇರೆ.

ಕಡೆಗೂ ಜಮೀನ್ದಾರ ಸಿಕ್ಕಿದ. ದನಿ ಏರಿಸದೆ ಅಲ್ಲಿಗೇ ನಿಲ್ಲಿಸಿ, ಇಬ್ಬರನ್ನೂ ಕರೆಸಿ ಮುಂದೆಯೇ ಕೂರಿಸಿಕೊಂಡೆ. ಜಗಲಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ ಜಮೀನ್ದಾರ ಆಳುಗಳ ಮೇಲೆ ಹಾರಾಡುವ ದೃಶ್ಯ. ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಆಕೆ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಜಮೀನ್ದಾರ ಬಾಯಿ ತೆರೆದ. ಮತ್ತೆ ಯಾರದೋ ಕಂಚಿನ ಕಂಠ. ಚೊಕ್ಕಟ, ಒಂದು ಕಸರಿಲ್ಲ.

ನಾನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆ. ಮುಂದಿನ ದೃಶ್ಯ ಹಾಕಿದೆ. ಎಲ್ಲ ಅದೇ.

ಅವರು ತಲೆ ಅಲ್ಲಾಡಿಸಿದರು. ಸ್ಲೇಟಿನಲ್ಲಿ 'ಇದೇ ಕ್ಯಾಸೆಟ್ಟು' ಎಂದು ಬರೆದರು. ಆಮೇಲೆ ಏನು ತೋಚಿತೋ, ಅದನ್ನು ಹೆಬ್ಬೆರಳಿನಿಂದ ಅಳಿಸಿ ಸ್ಲೇಟು ಜೇಬಿಗಿಟ್ಟುಕೊಂಡರು. ಆಕೆ ಮುಷ್ಟಿ ಸಡಿಲಿಸಿ ಸೆರಗು ಸರಿಮಾಡಿಕೊಂಡು ಎದ್ದರು. "ಓಗ್ಲಿ ಬುಡಮ್ಮ. ಅದ್ರ ಮ್ಯಾಲೆ ಬ್ಯಾರೇದು ಏನೋ ತುಂಬ್ಸವ್ರೆ. ನೀನೇನ್ ಮಾಡೀಯ" ಎಂದರು. ಬಾಗಿಲ ತನಕ ಹೋದವರು ತಿರುಗಿ, "ಬೋ ಕಷ್ಟ ಕೊಟ್ವಿ ನಿಂಗೆ" ಎಂದರು. ಆ ಮಾತು ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಕೆಲಸ ಆಗದಿದ್ದಾಗ ಜನ ಜಗಳ ಆಡಬೇಕು. ಹೀಗೆ ಸಮಾಧಾನ ಹೇಳಿ ಹೋದರೆ ನನಗೆ ತಡೆಯಲಾಗುವುದಿಲ್ಲ.

ಭಾನುವಾರ ಕ್ಯಾಸೆಟ್ಟುಗಳನ್ನು ಚೀಲಕ್ಕೆ ತುಂಬಿಕೊಂಡು ನಾನೇ ಆಂಡರ್ಸನ್‌ಪೇಟೆಗೆ ಹೋದೆ. ಜಮೀನ್ದಾರನನ್ನು ಮಾತ್ರ ಅಂಗಡಿಯಲ್ಲೇ ಉಳಿಸಿಕೊಂಡಿದ್ದೆ, ಯಾಕೆಂದು ನನಗೇ ಗೊತ್ತಿರಲಿಲ್ಲ. ಟೀ ಕೊಟ್ಟರು. ಮಾತಿಗೆ ಮಾತು ಬೇಕಲ್ಲ ಎಂದು, "ಆವತ್ತು ಲೈಬ್ರರಿಯಲ್ಲಿ ಹೇಗೆ ತುಂಬಿಸಿದ್ರಿ ಸಾರ್?" ಎಂದು ಕೇಳಿದೆ.

ಅವರು ಸ್ಲೇಟು ತೆಗೆಯಲಿಲ್ಲ. ಎದ್ದು ನಿಂತರು. ಹೊಟ್ಟೆ ಮುಂದಕ್ಕೆ ತಳ್ಳಿ, ಕಣ್ಣು ಅರ್ಧ ಮುಚ್ಚಿ, ಸೊಂಟದ ಬೀಗದ ಕೈ ಗೊಂಚಲು ಸರಿಮಾಡಿಕೊಂಡ ಹಾಗೆ ಮಾಡಿದರು. ಕ್ಷಣದಲ್ಲಿ ಅಲ್ಲೊಬ್ಬ ಲೈಬ್ರರಿ ಮಾಲೀಕ ನಿಂತಿದ್ದ. ಮಾಲೀಕ ಬಟ್ಟೆ ಮುಚ್ಚಿದ ದೊಡ್ಡ ಯಂತ್ರವೊಂದರ ಮುಸುಕು ತೆಗೆದ, ಅದರ ಮೇಲಿನ ಧೂಳನ್ನು ಉಫ್ ಎಂದು ಊದಿದ, ಮುಟ್ಟಬೇಡ ಎಂದು ಕಣ್ಣು ಬಿಟ್ಟ.

"ಸಿಂಗಪೂರಿಂದ ತರ್ಸಿದ್ ಮಿಷನ್ನು" ಎಂದು ಆಕೆ ನಗುತ್ತ ಅರ್ಥ ಹೇಳಿದರು. "ಯಾರ್ಗೂ ಮುಟ್ಟಕ್ ಬುಡ್ತಿರ್ಲಿಲ್ಲ ಅವಯ್ಯ."

ಮಾಲೀಕ ಹೋಗಿ ಅವರೇ ಬಂದರು, ತರುಣರಾಗಿ. ಕೈಯಲ್ಲಿ ಇಲ್ಲದ ಮೈಕು ಹಿಡಿದು, ಅದರ ವೈರನ್ನು ಯಂತ್ರದ ಮುಂಭಾಗಕ್ಕೆ ಚುಚ್ಚಿದರು. ಮುಂದಿನ ಟಿವಿ ನೋಡುತ್ತ, ತುಟಿಗೆ ತುಟಿ ಹೊಂದಿಸುತ್ತ, ತಪ್ಪಾದಾಗ ನಾಲಗೆ ಹೊರಹಾಕುತ್ತ ಮಾತಾಡತೊಡಗಿದರು. ನಾನು ಮೈಮರೆತು ನೋಡುತ್ತಿದ್ದೆ. ಮಾತು ಶುರುಮಾಡುವ ಮುಂಚೆ ಅವರು ಪ್ರತಿ ಸಲ ಯಂತ್ರದ ಒಂದು ಮೂಲೆಯಲ್ಲಿದ್ದ ಗುಂಡಿಯನ್ನು ಒತ್ತುತ್ತಿದ್ದರು.

"ಸಾರ್, ನಿಲ್ಲಿಸಿ. ನೀವು ಮಾತಾಡುವಾಗ ಟಿವಿಯಲ್ಲಿ ಓಡ್ತಿದ್ದ ಚಿತ್ರ ಎಲ್ಲಿಂದ ಬರ್ತಿತ್ತು? ಬೇರೆ ಯಂತ್ರದಿಂದಲಾ?"

ಇಲ್ಲ ಎಂದು ತಲೆ ಆಡಿಸಿ, ಅದೇ ಯಂತ್ರ ಎಂದು ಬೆರಳು ತೋರಿಸಿದರು.

ಟೀ ಲೋಟ ಕೆಳಗಿಟ್ಟೆ. ಅಂಥ ಯಂತ್ರಗಳಲ್ಲಿ ದನಿ ಎರಡು ಜಾಗದಲ್ಲಿ ಕೂರುತ್ತದೆ. ಒಂದು, ಚಿತ್ರದ ಜೊತೆಯಲ್ಲೇ, ಟೇಪಿನ ನಡುವೆ. ಅದು ಬಹಳ ಸೊಗಸಾದ ದನಿ. ಇನ್ನೊಂದು, ಮೇಲಿನ ಅಂಚಿನಲ್ಲಿ ಎಳೆಯಷ್ಟು ಅಗಲದ ಪಟ್ಟಿಯಲ್ಲಿ. ಅವರು ಒತ್ತಿದ್ದು ಚಿತ್ರವನ್ನು ಮುಟ್ಟದೆ ದನಿಯನ್ನು ಮಾತ್ರ ಬದಲಿಸುವ ಗುಂಡಿ. ಅದು ಬದಲಿಸುವುದು ಅಂಚಿನ ದನಿಯನ್ನು. ನಡುವಿನದು ಹಾಗೇ ಉಳಿಯುತ್ತದೆ. ಅವರ ತಾಯಿ ನೋಡಿದ್ದು ಬಾಡಿಗೆಯ ಸಾದಾ ಡೆಕ್ಕಿನಲ್ಲಿ, ಅದಕ್ಕೆ ಅಂಚಿನದು ಬಿಟ್ಟು ಬೇರೆ ಗೊತ್ತಿಲ್ಲ. ನನ್ನ ಒಳ್ಳೆಯ ಯಂತ್ರವೋ, ಎರಡೂ ಇದ್ದರೆ ತಾನಾಗಿಯೇ ಸೊಗಸಾದದ್ದನ್ನು ಆರಿಸಿಕೊಳ್ಳುತ್ತದೆ. ಅಷ್ಟು ದಿನವೂ ಅದು ಬೆಂಗಳೂರಿನ ಕಂಠವನ್ನೇ ನಮಗೆ ಕೇಳಿಸುತ್ತಿತ್ತು.

ಇದನ್ನೆಲ್ಲ ಅವರಿಗೆ ಹೇಳುವ ಧೈರ್ಯ ಬರಲಿಲ್ಲ. ಒಮ್ಮೆ ಆಸೆ ಹುಟ್ಟಿಸಿ ಕೈಬಿಟ್ಟದ್ದು ಸಾಕಾಗಿತ್ತು. "ಇನ್ನೊಂದು ಸಲ ನೋಡ್ತೀನಿ" ಎಂದಷ್ಟೇ ಹೇಳಿ ಹೊರಟೆ.

ಮರುದಿನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಯಂತ್ರದಲ್ಲಿ ದನಿ ಆರಿಸುವ ಸ್ವಿಚ್ಚನ್ನು ಅಂಚಿನ ಕಡೆಗೆ ತಿರುಗಿಸಿದೆ. ಜಮೀನ್ದಾರ ಬಾಯಿ ತೆರೆದ. ಮೊದಲು ಪರಪರ ಸದ್ದು. ಅದರ ಹಿಂದೆ, ಕಂಬಳಿ ಹೊದ್ದುಕೊಂಡು ಮಾತಾಡುವವನಂತೆ, ಒಬ್ಬ ಮನುಷ್ಯ. ಕಂಚಿನ ಕಂಠ ಅಲ್ಲ. ಮಾತು ತಿಳಿಯುತ್ತಿರಲಿಲ್ಲ, ಆದರೆ ಇದ್ದ. ನಾನು ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದೆ, ನೋಡಲು ಯಾರೂ ಇರಲಿಲ್ಲ.

ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಯಾಕೆ ಹಾಗೆ ಮುಸುಕಿದೆ ಎಂದು ತಿಳಿಯಲು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ವರ್ಷಾವರ್ಷ ಮೇಲಿನಿಂದ ಬಿದ್ದ ವಿಭೂತಿ, ಅರಿಸಿನ, ಕುಂಕುಮ ಬಿರುಕಿನಲ್ಲಿ ಇಳಿದು ಸುರುಳಿಯ ಮೇಲಂಚಿಗೇ ಕಚ್ಚಿತ್ತು. ದನಿ ಇದ್ದದ್ದೂ ಅಲ್ಲಿಯೇ. ಗಂಡನ ಕಸುಬಿಗೆ ಒಳ್ಳೆಯದಾಗಲಿ ಎಂದು ಆಕೆ ಮಾಡಿದ ಪೂಜೆ ಹೋಗಿ ಕೂತದ್ದು ಅವರ ಮಾತಿನ ಮೇಲೆ. ಇದನ್ನು ಆಕೆಗೆ ಹೇಗೆ ಹೇಳುವುದು? ಹೇಳಬಾರದು ಎಂದು ಆವತ್ತೇ ನಿರ್ಧರಿಸಿದೆ, ಇವತ್ತಿಗೂ ಹೇಳಿಲ್ಲ. ಧೂಳು ಎಂದು ಹೇಳಿದೆ.

ಮೊದಲು ಆ ಮುಸುಕು ದನಿಯನ್ನೇ ಕಂಪ್ಯೂಟರಿಗೆ ಇಳಿಸಿ ಭದ್ರ ಮಾಡಿಕೊಂಡೆ. ಆಮೇಲೆ ಯಾರಿಗೂ ಬೇಡವಾದ ಒಂದು ಕ್ಯಾಸೆಟ್ಟು ಬಿಚ್ಚಿ, ಅದರ ಅಂಚಿಗೆ ನಾನೇ ಅರಿಸಿನ, ವಿಭೂತಿ ಕಲಸಿ ಬಳಿದು, ಒಣಗಿಸಿ ಪರೀಕ್ಷೆ ಮಾಡಿದೆ. ಯಂತ್ರದಲ್ಲಿ ಟೇಪು ಓದುವ ಹೆಡ್ಡನ್ನು ಒರೆಸುವ ಸ್ಪಿರಿಟ್ಟು ಹಾಕಿದರೆ ಅರಿಸಿನ ಕರಗಿ ಟೇಪಿನ ಮೈಗೆಲ್ಲ ಹರಡಿತು. ಗಟ್ಟಿಯಾಗಿ ತಿಕ್ಕಿದರೆ ಅಂಚಿನ ಕಂದು ಲೇಪವೇ ಕಿತ್ತು ಬಂತು. ಆ ಲೇಪದಲ್ಲಿಯೇ ದನಿ ಇರುವುದು, ಅದು ಹೋದರೆ ಮುಗಿಯಿತು. ಕಡೆಗೆ ಒಂದು ದಾರಿ ಕಂಡಿತು. ಮೆತ್ತನೆಯ ಕುಂಚದಲ್ಲಿ ಒಣದಾಗಿ ಗುಡಿಸುವುದು, ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ತುಸುವೇ ಒದ್ದೆ ಮಾಡಿದ ಹತ್ತಿಯನ್ನು ಅಂಚಿಗೆ ಸೋಕಿಸುವುದು, ಒಣಗುವ ತನಕ ಕಾಯುವುದು, ಮುಂದಿನ ಗೇಣಿಗೆ ಹೋಗುವುದು. ಹೀಗೆ ಮಾಡಿದರೂ ಅಲ್ಲಲ್ಲಿ ಲೇಪ ಏಳುತ್ತಿತ್ತು.

ಬೇರೆಯವರ ವಸ್ತು. ಕೇಳದೆ ಮುಟ್ಟುವ ಹಾಗಿರಲಿಲ್ಲ. ಕರೆಸಿದೆ.

ಮುಸುಕು ದನಿ ಹಾಕಿದಾಗ ಆಕೆ ಕಣ್ಣು ಮುಚ್ಚಿಕೊಂಡು ಕೇಳಿದರು. "ಇವ್ರೇ" ಎಂದರು. ಕಣ್ಣು ತೆರೆದು, "ಪಕ್ಕದ್ಮನೇಲಿ ಕುಂತು ಮಾತಾಡ್ದಂಗೈತೆ" ಎಂದರು.

ಒರೆಸಿದರೆ ಚೆನ್ನಾಗಿ ಬರಬಹುದು, ಅಲ್ಲಲ್ಲಿ ಪೂರ್ತಿ ಹೋಗಲೂಬಹುದು, ಈ ಮುಸುಕು ನಕಲು ಬಿಟ್ಟರೆ ಟೇಪಿನಿಂದ ಹೋದದ್ದು ಮತ್ತೆ ಬರುವುದಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಬ್ಯಾಡಮ್ಮ. ಟೇಪ್ನಾಗಿರೋದೂ ಓದ್ರೆ? ಈಟಾದ್ರೂ ಸಿಕ್ತಲ್ಲ, ಇರ್ಲಿ" ಎಂದು ಆಕೆ ಕ್ಯಾಸೆಟ್ಟಿನ ಮೇಲೆ ಕೈಯಿಟ್ಟರು.

ನನಗೂ ಒಳಗೊಳಗೇ ಹಾಯೆನಿಸಿತು. ಅಷ್ಟಕ್ಕೇ ಮುಗಿದರೆ ನನ್ನ ಕೈಯಿಂದ ಏನೂ ಹಾಳಾಗಲಿಲ್ಲ ಎಂದಾಗುತ್ತಿತ್ತು. ಆಗ ಅವರು ಹೆಂಡತಿಯ ಕೈಯನ್ನು ಮೆಲ್ಲಗೆ ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಸ್ಲೇಟಿನಲ್ಲಿ ಬರೆದು ನನ್ನ ಕಡೆಗಲ್ಲ, ಆಕೆಯ ಕಡೆಗೆ ತಿರುಗಿಸಿದರು. ಆಕೆಗೆ ಓದಲು ಬರುವುದಿಲ್ಲ. ಆಕೆ ಅದನ್ನು ನನಗೆ ತೋರಿಸಿದರು. ಓದಿ ಹೇಳಿದೆ: "ಹೋಗೋದು ನನ್ನ ದನಿ ತಾನೆ, ಹೋದರೆ ಹೋಗಲಿ. ಅರ್ಧಂಬರ್ಧ ಬೇಡ."

ಆಕೆ ಅವರ ಮುಖವನ್ನೇ ನೋಡಿದರು. "ಸರೆ, ಮಾಡು" ಎಂದರು ನನಗೆ.

ಇಡೀ ಟೇಪು ಒರೆಸುವ ದುಸ್ಸಾಹಸಕ್ಕೆ ಹೋಗಲಿಲ್ಲ. ಅವರು ಬರುವ ದೃಶ್ಯಗಳಷ್ಟನ್ನೇ ಗುರುತು ಮಾಡಿಕೊಂಡೆ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಫ್ಯಾನು ಆರಿಸಿ, ಗೇಣು ಗೇಣಾಗಿ ಶುರುಮಾಡಿದೆ. ಕತ್ತು ಹಿಡಿದುಕೊಂಡಿತು, ಕಣ್ಣು ಉರಿಯಿತು. ಹತ್ತಿ ಹಳದಿಯಾಗುತ್ತಿತ್ತು, ಬದಲಿಸುತ್ತಿದ್ದೆ. ಒಂದು ಕಡೆ ಹತ್ತಿಗೆ ಕಂದು ಬಣ್ಣ ಹತ್ತಿತು. ಅಲ್ಲಿ ಇದ್ದ ಮಾತು ಯಾವುದೋ, ನನ್ನ ಬೆರಳಲ್ಲಿ ಬಂದುಬಿಟ್ಟಿತು. ಆ ಹತ್ತಿಯ ಚೂರನ್ನು ಎಸೆಯಲು ಮನಸ್ಸು ಬಾರದೆ ಮೇಜಿನ ಮೂಲೆಯಲ್ಲಿಟ್ಟೆ.

ಸುತ್ತಿ, ಪೆಟ್ಟಿಗೆಯಲ್ಲಿ ಕೂರಿಸಿ, ಹಾಕಿ ಕೇಳಿದೆ. ಕಂಬಳಿ ಹೋಗಿತ್ತು, ಆದರೂ ಮಂಕು. 'ಸ', 'ಶ' ಒಂದೂ ಕೇಳುತ್ತಿರಲಿಲ್ಲ. ಆಮೇಲೆ ಹೊಳೆದದ್ದು, ಲೈಬ್ರರಿಯವನ ಯಂತ್ರದ ಹೆಡ್ಡು ಒಂದಿಷ್ಟು ವಾಲಿಕೊಂಡಿದ್ದಿರಬೇಕು. ಹಾಗೆ ವಾಲಿಕೊಂಡು ತುಂಬಿದ ದನಿಯನ್ನು ನೆಟ್ಟಗಿರುವ ನನ್ನ ಹೆಡ್ಡು ಸರಿಯಾಗಿ ಓದುತ್ತಿಲ್ಲ. ಅದಕ್ಕೊಂದು ಪುಟ್ಟ ಸ್ಕ್ರೂ ಇದೆ. ಅದನ್ನು ತಿರುಗಿಸುವುದೆಂದರೆ ನನಗೆ ಅನ್ನ ಹಾಕುವ ಯಂತ್ರವನ್ನು ಕೈಯಾರೆ ಕೆಡಿಸುವುದು. ಇದ್ದ ಜಾಗಕ್ಕೆ ಉಗುರುಬಣ್ಣದಲ್ಲಿ ಗುರುತು ಹಾಕಿಕೊಂಡು, ಚಿತ್ರ ಓಡುತ್ತಿರುವಾಗಲೇ ಕೂದಲೆಳೆಯಷ್ಟು ತಿರುಗಿಸಿದೆ. ಮಂಕು ಹೆಚ್ಚಾಯಿತು. ಇನ್ನೊಂದು ಕಡೆಗೆ ತಿರುಗಿಸಿದೆ. ಇನ್ನೂ ಸ್ವಲ್ಪ. ಇದ್ದಕ್ಕಿದ್ದಂತೆ ಒಬ್ಬ ಮನುಷ್ಯ ಬಾಗಿಲು ತೆರೆದುಕೊಂಡು ಅಂಗಡಿಯೊಳಕ್ಕೆ ಬಂದು ನಿಂತ ಹಾಗೆ ಮಾತು ಬಂತು. ತುಸು ಒಡಕು, ತುಸು ಮೂಗಿನಲ್ಲಿ, ಕೋಲಾರದ ಹಳ್ಳಿಯ ಕನ್ನಡ, ಬಾಲಕ್ಕೆ ತಮಿಳಿನ ಎಳೆತ. ನನಗೆ ಅಳು ಬಂತು, ಅತ್ತುಬಿಟ್ಟೆ.

ಅವರು ಬಂದ ದಿನ ಬಿಸಿಲು ಜೋರಾಗಿತ್ತು. ಎದುರಿನ ಪಾನಿಪುರಿ ಗಾಡಿಯವನಿಗೆ ಪಾತ್ರೆ ಬಡಿಯಬೇಡ ಎಂದು ಹೇಳಿ ಬಂದೆ. ಇಬ್ಬರಿಗೂ ಕುರ್ಚಿ ಹಾಕಿ, ಟಿವಿಯ ದನಿ ಏರಿಸಿದೆ.

ಜಗಲಿ ಕಂಡಿತು. ಜಮೀನ್ದಾರ ಆಳುಗಳ ಕಡೆ ಬೆರಳು ಮಾಡಿ, "ಏನ್ರಲಾ, ಬೆಳಗ್ಗಿಂದ ಎಲ್ಲಿಗ್ಲಾ ಓಗಿದ್ರಿ? ಒಲ ನಿಮ್ಮಪ್ಪ ಉಳ್ತಾನೇನ್ಲಾ?" ಎಂದು ಗದರಿದ. ಆಕೆಯ ಬಾಯಿ ತೆರೆದುಕೊಂಡಿತು. ಕಿತ್ತುಹೋದ ಜಾಗದಲ್ಲಿ ಒಂದು ಮಾತು ಕೇಳದೆ ಹಾದುಹೋಯಿತು. ಆಳುಗಳು ತಲೆ ತಗ್ಗಿಸಿ ಚದುರಿದರು. ಸಿನಿಮಾದಲ್ಲಿ ಜಮೀನ್ದಾರ ಅಲ್ಲಿ ಆಳನ್ನು ಕೂಗಿ ನೀರು ತರಿಸುತ್ತಾನೆ. ತುಂಬಿಸುವಾಗ ಇವರಿಗೆ ಏನು ತೋಚಿತ್ತೋ, ತಾಯಿಯನ್ನು ನಗಿಸಬೇಕೆಂದಿತ್ತೋ, ಜಮೀನ್ದಾರ ಮೀಸೆ ನೀವಿಕೊಂಡು, ಹೆಂಡತಿಯನ್ನು ಕರೆಯುವ ಹಾಗೆ ಮನೆಯೊಳಗಿನ ಕಡೆ ಕತ್ತು ತಿರುಗಿಸಿ ಕೂಗಿದ.

"ಏಮ್ಮೇ! ಒಂದ್ ಲೋಟ ನೀರ್ ತತ್ತಾಮ್ಮೇ!"

"ಬಂದೆ, ಇರಿ" ಎಂದು ಆಕೆ ಕುರ್ಚಿಯಿಂದ ಎದ್ದೇಬಿಟ್ಟರು.

ಎದ್ದ ಮೇಲೆ ತಾವೆಲ್ಲಿದ್ದೇವೆ ಎಂಬುದು ಅರಿವಾಯಿತೇನೋ, ಹಾಗೇ ನಿಂತರು. ಟಿವಿಯ ಕಡೆ ನೋಡಲಿಲ್ಲ, ಪಕ್ಕಕ್ಕೆ ತಿರುಗಿದರು. ಕುರ್ಚಿಯಲ್ಲಿ ಕೂತಿದ್ದ ಮುದುಕನ ತುಟಿಗಳು ಟಿವಿಯ ದನಿಯ ಜೊತೆಜೊತೆಗೇ ಆಡುತ್ತಿದ್ದವು, ಒಂದು ಅಕ್ಷರ ಹಿಂದೆಮುಂದೆ ಇಲ್ಲ. ಇನ್ನೊಮ್ಮೆ ಕೂಗು ಬಂತು. ಆ ಸಲ ಅದು ಅವರ ಬಾಯಿಂದಲೇ ಬಂದಿತು ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಆಕೆ ಮೂಲೆಯಲ್ಲಿದ್ದ ನನ್ನ ನೀರಿನ ಕ್ಯಾನಿನ ಹತ್ತಿರ ಹೋದರು. ಲೋಟ ತೊಳೆದು ತುಂಬಿಸಿಕೊಂಡು ಬಂದು ಅವರ ಕೈಗಿಟ್ಟರು.

"ಇಲ್ಲೇ ಇದೀನಲ್ಲ" ಎಂದು ಗದರಿದರು, "ಯಾಕಂಗ್ ಕಿರುಚ್ಕೊತೀರ?"